ಹಳೆಯ ಸೊಂಟನೋವಿಗೆ ಸೂಜಿಯ ಶಾಖ: ಒಪ್ಪುವ ಮುನ್ನ ತಿಳಿಯಿರಿ



ನಾಟಿ, ಕಳೆ, ಕೊಯ್ಲು, ಮೂಟೆ ಹೊರುವುದು ಎಲ್ಲಕ್ಕೂ ಸೊಂಟವೇ ಆಧಾರ. ಸೊಂಟ ಹಿಡಿದುಕೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಬಿಡುತ್ತದೆ. ಮೂರು ತಿಂಗಳು ಮೀರಿದರೆ ಅದು ಹಳೆಯ ನೋವು. ಇಂಥವರಿಗೆ ಪೇಟೆಯ ಆಸ್ಪತ್ರೆಗಳಲ್ಲಿ ನರಕ್ಕೆ ಶಾಖ ಕೊಡುವ ರೇಡಿಯೋ ಫ್ರೀಕ್ವೆನ್ಸಿ ಚಿಕಿತ್ಸೆಯನ್ನು ಸೂಚಿಸುವುದುಂಟು. ಹಸು ಮಾರಿಯೋ ಸಾಲ ಎತ್ತಿಯೋ ಹಣ ಕಟ್ಟುವ ಮುನ್ನ ಅದೇನೆಂದು ತಿಳಿಯುವುದು ಮೇಲು.

ಚಿಕಿತ್ಸೆ ಹೇಗೆ?

ಬೆನ್ನುಮೂಳೆಯ ಮಣಿಗಳು ಹಿಂಬದಿಯಲ್ಲಿ ಜೋಡಿ ಕೀಲುಗಳಿಂದ ಕೂಡಿಕೊಂಡಿವೆ. ಕೀಲು ಸವೆದಾಗ ಅದರ ನೋವನ್ನು ದಾರದಂಥ ಸಣ್ಣ ನರಗಳು ಮಿದುಳಿಗೆ ಮುಟ್ಟಿಸುತ್ತವೆ. ವೈದ್ಯರು ಎಕ್ಸ್‌ರೇ ಪರದೆ ನೋಡುತ್ತ ಸೂಜಿಯನ್ನು ಆ ನರದ ಬಳಿಗೆ ತಂದು, ಸುಮಾರು 80 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಒಂದು ಒಂದೂವರೆ ನಿಮಿಷ ಕೊಡುತ್ತಾರೆ. ಕೊಯ್ಯುವುದಿಲ್ಲ, ಬಹುಮಂದಿ ಅದೇ ದಿನ ಮನೆಗೆ ಮರಳುತ್ತಾರೆ. ಕೆಲವು ದಿನ ಆ ಜಾಗ ನೋಯಬಹುದು.

ನರ ಸುಟ್ಟರೆ ಕಾಲು ಬಿದ್ದುಹೋಗುತ್ತದೆಂಬ ಭಯ ಹಲವರಿಗಿದೆ. ಕಾಲಿನ ನರ ಬೇರೆ. ಶಾಖಕ್ಕೆ ಮೊದಲು ಅಲ್ಪ ವಿದ್ಯುತ್ ಹರಿಸಿ, ಕಾಲು ಅದುರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಯಾರಿಗೆ ತಕ್ಕದ್ದು?

ಎಲ್ಲ ಸೊಂಟನೋವೂ ಕೀಲಿನದಲ್ಲ. ಎಂ.ಆರ್.ಐ. ಚಿತ್ರವೊಂದರಿಂದಲೇ ಇದು ತಿಳಿಯದು. ಆದ್ದರಿಂದ ಮೊದಲು ನರದ ಬಳಿ ಮರಗಟ್ಟಿಸುವ ಮದ್ದು ಹಾಕಿ ನೋಡಬೇಕು. ಕೆಲವು ಗಂಟೆಗಳಾದರೂ ನೋವು ಚೆನ್ನಾಗಿ ತಗ್ಗಿದರೆ ಮಾತ್ರ ಮುಂದಿನ ಮಾತು. ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷೆ ಮಾಡುವಂತೆಯೇ ಇದು.

ಫಲವೆಷ್ಟು?

ಶಾಖ ತಗುಲಿದ ನರ ಗರಿಕೆಯಂತೆ ಮತ್ತೆ ಚಿಗುರುತ್ತದೆ. ಗುಣ ಕಂಡವರಿಗೂ ಅದು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದ ಮಾತು. ಸವೆದ ಕೀಲು ಹಾಗೆಯೇ ಉಳಿಯುತ್ತದೆ.

ತಜ್ಞರಲ್ಲಿಯೂ ಒಮ್ಮತವಿಲ್ಲ. ಪರೀಕ್ಷೆಯ ಮದ್ದಿಗೆ ನೋವು ತಗ್ಗಿದ ಆಯ್ದ ರೋಗಿಗಳಿಗೆ ಇದನ್ನು ಯೋಚಿಸಬಹುದೆಂದು ಇಂಗ್ಲೆಂಡಿನ ನೈಸ್ ಸಂಸ್ಥೆ 2016ರಲ್ಲಿ ಹೇಳಿತು. 2017ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ದೇಶದ ಪ್ರಯೋಗಗಳಲ್ಲಿ, ವ್ಯಾಯಾಮದ ಜೊತೆಗೆ ಶಾಖ ಪಡೆದವರಿಗೂ ಬರಿಯ ವ್ಯಾಯಾಮ ಮಾಡಿದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. 2025ರಲ್ಲಿ ಬಿ.ಎಂ.ಜೆ. ವೈದ್ಯಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ ಇಂಥ ಚಿಕಿತ್ಸೆ ಬೇಡವೆಂದೇ ಹೇಳಿತು.

ನೀವು ಮಾಡಬೇಕಾದದ್ದು

1. ಮೊದಲು ವೈದ್ಯರಿಂದ ವ್ಯಾಯಾಮ ಕಲಿತು, ತಪ್ಪದೆ ಮಾಡಿರಿ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಚಿಸಿದ್ದೂ ವ್ಯಾಯಾಮವನ್ನೇ, ಸೊಂಟಪಟ್ಟಿಯನ್ನಲ್ಲ.

2. ಶಾಖದ ಮಾತು ಬಂದರೆ, ಮರಗಟ್ಟಿಸುವ ಪರೀಕ್ಷೆ ಆಗಿದೆಯೇ, ಒಟ್ಟು ಖರ್ಚೆಷ್ಟು, ನೋವು ಮರಳಿದರೆ ಮುಂದೇನು ಎಂದು ಕೇಳಿರಿ.

3. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಪೇಸ್‌ಮೇಕರ್ ಇದ್ದರೆ ಮುಚ್ಚಿಡದೆ ತಿಳಿಸಿರಿ.

4. ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಯ ಸಂದು ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅಥವಾ ನೋವಿನೊಂದಿಗೆ ಜ್ವರ ಬಂದರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿರಿ.

— ಗ್ರಾಮಸೇವಕ