ಮರ ಎಂದವನ ನೆಲದಲ್ಲಿ

ದಾರಿಹೋಕರನ್ನು ದೋಚಿ ಸಂಸಾರ ಸಾಕುತ್ತಿದ್ದ ಬೇಡನಿಗೆ ನಾರದರು ರಾಮನಾಮ ಜಪಿಸಲು ಹೇಳಿದರಂತೆ. ಅವನ ಒರಟು ನಾಲಿಗೆ ‘ರಾಮ’ ಎನ್ನಲು ಹೊರಳಲಿಲ್ಲ. ನಾರದರು ಎದುರಿಗಿದ್ದ ಮರ ತೋರಿಸಿ ‘ಇದೇನಪ್ಪಾ?’ ಎಂದರು. ‘ಮರ’ ಎಂದ. ‘ಹಾಗಾದರೆ ಅದನ್ನೇ ಹೇಳುತ್ತಿರು’ ಎಂದು ಹೊರಟುಹೋದರು. ಮರ ಮರ ಎನ್ನುತ್ತ ಕೂತವನ ಮೇಲೆ ಹುತ್ತ ಬೆಳೆಯಿತು. ಹುತ್ತ ಒಡೆದು ಎದ್ದುಬಂದವನು ವಾಲ್ಮೀಕಿ.

ಅಜ್ಜಿಯರು ಹೇಳುತ್ತಿದ್ದ ಈ ಕಥೆಯ ಸ್ವಾರಸ್ಯ ಸಂಸ್ಕೃತಕ್ಕಿಂತ ಕನ್ನಡದಲ್ಲೇ ಹೆಚ್ಚು. ಅಲ್ಲಿ ಅದು ತಿರುಗುಮುರುಗಾದ ಎರಡು ಅಕ್ಷರ. ಇಲ್ಲಿ ಕಣ್ಣೆದುರು ನಿಂತ ಮರ. ಆ ವಾಲ್ಮೀಕಿಯ ಆಶ್ರಮ ಇದ್ದದ್ದು ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದಲ್ಲಿ, ಸೀತೆ ಲವಕುಶರನ್ನು ಹೆತ್ತದ್ದೂ ಅಲ್ಲೇ ಎನ್ನುತ್ತದೆ ಸ್ಥಳಪುರಾಣ. ಮನುಷ್ಯನ ಬಾಳು ಮರದ ಸಹವಾಸದಲ್ಲಿ ಹೊರಳಿದ ಅತಿ ಹಳೆಯ ಕಥೆಯನ್ನು ಕೋಲಾರ ಸೀಮೆ ತನ್ನದೆಂದು ಹೇಳಿಕೊಂಡರೆ ಯಾರೂ ಆಕ್ಷೇಪಿಸಲಾರರು. ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು, ಯಾರ ಕಣ್ಣಿಗೂ ಬೀಳದೆ ಕಾಡಿನಲ್ಲಿ ಅರಳಿ ಕಂಪು ಬೀರುವ ಹೂವಿನಂತೆ ತಮ್ಮ ಬಾಳೂ ಆಗಲಿ ಎಂದು ‘ವನಸುಮ’ದಲ್ಲಿ ಬೇಡಿಕೊಂಡರು.

ಪುರಾಣ, ಕಾವ್ಯಗಳ ಮಾತು ಬೇಡ ಎನ್ನುವವರಿಗೆ ವಿಜ್ಞಾನವೂ ಇದೆ. ರೋಜರ್ ಉಲ್ರಿಚ್ ಎಂಬ ಅಮೆರಿಕದ ಸಂಶೋಧಕ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ರೋಗಿಗಳ ದಾಖಲೆ ನೋಡಿದ. ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ತೀವ್ರವಾದ ನೋವಿನ ಮದ್ದನ್ನೂ ಕಡಿಮೆ ಕೇಳಿದ್ದರು. ಇನ್ನರ್ಧ ಜನರ ಕಿಟಕಿಯ ಎದುರು ಇದ್ದದ್ದು ಬರೀ ಇಟ್ಟಿಗೆ ಗೋಡೆ. (ಇಟ್ಟಿಗೆಗೆ ಹೆಸರಾದ ಮಾಲೂರಿನವರು ಬೇಸರಪಟ್ಟುಕೊಳ್ಳಬಾರದು.) ಇದು ಪ್ರಕಟವಾದದ್ದು 1984ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಜಪಾನಿನ ಅರಣ್ಯ ಇಲಾಖೆ, ಕಾಡಿನಲ್ಲಿ ಸುಮ್ಮನೆ ಅಡ್ಡಾಡುವುದಕ್ಕೆ ‘ಕಾಡಿನ ಸ್ನಾನ’ ಎಂಬ ಅರ್ಥದ ಹೆಸರಿಟ್ಟು ಜನರನ್ನು ಕರೆಯತೊಡಗಿತ್ತು.

ಆದರೆ ಯಾವ ಮರ? ಈ ಪ್ರಶ್ನೆಯನ್ನು ಜಪಾನಿನವರು ಕೇಳಿಕೊಂಡರೋ ಇಲ್ಲವೋ, ಕೋಲಾರದ ರೈತ ಕೇಳಿಕೊಳ್ಳಲೇಬೇಕಾಯಿತು.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ 1970ರ ದಶಕದ ಕೊನೆಯಿಂದಲೇ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಕಾರಣ ಸರಳ. ನೀಲಗಿರಿಗೆ ಕಳೆ ಕೀಳಬೇಕಿಲ್ಲ, ಕಾವಲು ಬೇಕಿಲ್ಲ, ದನ ಬಾಯಿ ಹಾಕುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೂಲಿಯಾಳು ಸಿಗದ, ಮಳೆಯನ್ನು ನಂಬಲಾಗದ ರೈತನಿಗೆ ಇದಕ್ಕಿಂತ ಒಳ್ಳೆಯ ಬೆಳೆ ಯಾವುದು? ಸಸಿ ನೆಟ್ಟು ಬೆಂಗಳೂರಿನ ಬಸ್ಸು ಹತ್ತಿದರೆ ಕೆಲವು ವರ್ಷ ಬಿಟ್ಟು ಕಟಾವಿಗೆ ಬಂದರಾಯಿತು. ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ ಮತ್ತು ಜಯಂತ ಬಂದ್ಯೋಪಾಧ್ಯಾಯ 1981ರಲ್ಲೇ ಕೋಲಾರದ ಸಾಮಾಜಿಕ ಅರಣ್ಯವನ್ನು ಅಧ್ಯಯನ ಮಾಡಿ, ರಾಗಿಯೂ ಕೂಲಿಯೂ ಕೈತಪ್ಪುತ್ತಿದೆ ಎಂದು ಎಚ್ಚರಿಸಿದ್ದರು. ಪಕ್ಕದ ಹೊಸಕೋಟೆಯಲ್ಲಿ ಬ್ರಿಟನ್ ಮತ್ತು ಭಾರತದ ವಿಜ್ಞಾನಿಗಳು ಅಳೆದು ನೋಡಿದಾಗ, ಆಳವಾದ ಮಣ್ಣಿನಲ್ಲಿ ನೀಲಗಿರಿ ಬಿದ್ದ ಮಳೆಗಿಂತ ಹೆಚ್ಚು ನೀರು ಹೀರಿದ್ದು ಕಂಡಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ನೀರಿನ ಲೆಕ್ಕ ಎಲ್ಲರಿಗೂ ಗೊತ್ತಾಯಿತು. ಲೆಕ್ಕಕ್ಕೆ ಸಿಗದ ನಷ್ಟ ಇನ್ನೊಂದಿದೆ. ನೀಲಗಿರಿಯೂ ಮನುಷ್ಯನನ್ನು ಬದಲಿಸಿತು. ಬೆಳಗ್ಗೆ ಎದ್ದು ಹೊಲದ ಕಡೆ ಹೋಗುವ ಅಭ್ಯಾಸವನ್ನು ಅದು ಬಿಡಿಸಿತು. ಮಾಲೂರು ಕಡೆಯ ತೋಪುಗಳಲ್ಲಿ ನಡುಹಗಲು ನಡೆದವರಿಗೆ ಗೊತ್ತು: ಸಾಲುಸಾಲಾಗಿ ಮರಗಳಿವೆ, ನೆರಳು ತೆಳು, ಕೆಳಗೆ ಒಣಗಿದ ಎಲೆಯ ಸದ್ದು. ನೀಲಗಿರಿಯ ಬುಡದಲ್ಲಿ ಯಾರೂ ಬುತ್ತಿ ಬಿಚ್ಚುವುದಿಲ್ಲ. ಬರೀ ಮರಗಳ ನಡುವೆ ಇದ್ದರೆ ಸಾಲದು, ಆ ಮರಕ್ಕೂ ನಮ್ಮಿಂದ ಏನಾದರೂ ಬೇಕಾಗಿರಬೇಕು.

ಬುತ್ತಿ ಬಿಚ್ಚುವ ಜಾಗ ಬೇರೆಯೇ ಇತ್ತು. ಹಳ್ಳಿಯ ಅಂಚಿನ ಗುಂಡುತೋಪು. ಹುಣಸೆ, ಹೊಂಗೆ, ಮಾವು, ನೇರಳೆ ಎಲ್ಲ ಊರೊಟ್ಟಿನ ಆಸ್ತಿ. ಗಾಡಿಯವರು ಎತ್ತು ಬಿಚ್ಚುತ್ತಿದ್ದರು, ಹುಡುಗರು ಮರಕೋತಿ ಆಡುತ್ತಿದ್ದರು, ಜಗಳವಾಡಿದ ಅಣ್ಣತಮ್ಮಂದಿರನ್ನು ಹಿರಿಯರು ಅಲ್ಲೇ ಕೂರಿಸಿ ಮಾತಾಡಿಸುತ್ತಿದ್ದರು. ಎಷ್ಟೋ ತೋಪುಗಳು ಒತ್ತುವರಿಯಾಗಿ, ನಿವೇಶನವಾಗಿ ಕರಗಿವೆ. ಉಳಿದ ಕಡೆ ಈಗಲೂ ಚೈತ್ರದಲ್ಲಿ ಹೊಂಗೆ ಚಿಗುರಿದಾಗ ಅದರಡಿ ಅರ್ಧ ಗಂಟೆ ಮಲಗಿ ಎದ್ದವರ ಮುಖ ನೋಡಬೇಕು!

ಮನುಷ್ಯನಿಂದ ಅತಿ ಹೆಚ್ಚು ಕೇಳುವ ಮರವೆಂದರೆ ಮಾವು. ಶ್ರೀನಿವಾಸಪುರದ ನೆಲವೆಲ್ಲ ಅದರದೇ. ಬಾದಾಮಿ, ಬೇನಿಷಾ, ತೋತಾಪುರಿ, ನೀಲಂ, ಮಲ್ಲಿಕಾ. ಕಸಿ ಗಿಡ ನೆಟ್ಟರೂ ನಾಲ್ಕೈದು ವರ್ಷ ಕಾಯಬೇಕು. ಆಮೇಲೂ ಒಂದು ವರ್ಷ ತುಂಬಿ ಬಿಟ್ಟ ಮರ ಮರುವರ್ಷ ಕೈಚೆಲ್ಲಿ ನಿಲ್ಲುವುದುಂಟು. ಹೂ ಬಿಟ್ಟಾಗ ಮಂಜು ಬಿದ್ದರೆ ಬೂದಿರೋಗ, ಜೊತೆಗೆ ಜಿಗಿಹುಳು. ಕಾಯಿ ಕಟ್ಟಿದ ಮೇಲೆ ಆಲಿಕಲ್ಲಿನ ಭಯ. ಕಾಯಿ ಬಲಿಯುವ ಹೊತ್ತಿಗೆ ಕಾವಲಿನವರು ತೋಟದಲ್ಲೇ ಗುಡಿಸಲು ಹಾಕಿ ಮಕ್ಕಳುಮರಿಗಳೊಂದಿಗೆ ಮರದಡಿ ಬದುಕುತ್ತಾರೆ. ಅದನ್ನು ಯಾರೂ ಕಾಡಿನ ಸ್ನಾನ ಎನ್ನುವುದಿಲ್ಲ. ಆದರೆ ಅವಸರದ ಮನುಷ್ಯ ನಿಧಾನವಾಗುವುದು, ಇಡೀ ತೋಟವನ್ನು ನೋಡುತ್ತಿದ್ದವನು ಒಂದೊಂದು ಮರದ ಗುಣ ಗುರುತಿಸತೊಡಗುವುದು ಹೀಗೆಯೇ. ಹತ್ತಾರು ವರ್ಷ ಮಾವಿನೊಡನೆ ಇದ್ದ ಬೆಳೆಗಾರರು ಮರದ ಬಗ್ಗೆ ಮಾತಾಡುವಾಗ ಮನೆಯವರೊಬ್ಬರ ಬಗ್ಗೆ ಹೇಳುತ್ತಿದ್ದಾರೇನೋ ಅನ್ನಿಸುತ್ತದೆ: ‘ಅದಕ್ಕೆ ಈ ಸಲ ಮನಸ್ಸಿಲ್ಲ ಕಣಪ್ಪ, ಬಿಟ್ಟುಬಿಡು.’

ಇದರಿಂದ ಹೊಟ್ಟೆ ತುಂಬುತ್ತದೆಂದಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ಗಡಿ ಮುಚ್ಚಿತು. ಅಲ್ಲಿನ ತಿರುಳು ತೆಗೆಯುವ ಕಾರ್ಖಾನೆಗಳನ್ನೇ ನೆಚ್ಚಿದ್ದ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು. ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸ ಭರಿಸಲು ಮುಂದಾಯಿತಾದರೂ ಹಣ್ಣು ಕಾಯುವ ವಸ್ತುವಲ್ಲ. ಇಂಥ ವರ್ಷದಲ್ಲಿ ಕೊಡಲಿ ನೆನಪಾಗುವುದು ಸಹಜ. ಬೆಲೆಯನ್ನು ನೋಡಿ ಬೇರೇನಾದರೂ ಹಾಕೋಣ ಎನ್ನುವ ಮಗ, ಅಪ್ಪ ನೆಟ್ಟ ಮರ ಹೇಗಪ್ಪ ಕಡಿಯೋದು ಎನ್ನುವ ತಂದೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆ ವಾದ ಮನೆಯೊಳಗೆ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ.

ಅಷ್ಟರಲ್ಲಿ ಮಾರ್ಗಶಿರ ಬರುತ್ತದೆ. ಚಳಿ ಕಟ್ಟಿದ ಬೆಳಗಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ತೋಟಕ್ಕೆ ಹೋದವರು ರೆಂಬೆ ಬಗ್ಗಿಸಿ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಮೊಗ್ಗು ಚೂಪಾಗಿದ್ದರೆ ಎಲೆ, ಗುಂಡಗಿದ್ದರೆ ಹೂ. ಒಂದು ಮರ ನೋಡಿ ತೃಪ್ತಿಯಾಗದೆ ಇನ್ನೊಂದರ ಬಳಿಗೆ ಹೋಗುತ್ತಾರೆ.