ತಮ್ಮ ಮನೆಯನ್ನು ತಾವೇ ಕಟ್ಟುವ ಬಡವರು

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಹವಳಗಾ ಗ್ರಾಮದ ಹೆಸರನ್ನು ಹಲವರು ಕೇಳಿರುವುದು ಅಲ್ಲಿನ ಸಕ್ಕರೆ ಕಾರ್ಖಾನೆಯಿಂದ. ಭೀಮಾ ತೀರದ ಈ ತಾಲೂಕಿನಲ್ಲಿ ಕೂಲಿ ಕುಟುಂಬವೊಂದು ಸ್ವಂತ ಮನೆ ಕಟ್ಟಿಕೊಳ್ಳುವುದು ಹೇಗೆ? ಮನೆಗಾಗಿ ನೆರವು ಕೇಳಿ ಬರುವವರು ನಮ್ಮ ಚರ್ಚುಗಳಲ್ಲೂ ಇರುವುದರಿಂದ ಇದನ್ನು ನಾವು ತಿಳಿದಿರುವುದು ಒಳ್ಳೆಯದು.

ವಸತಿ ಯೋಜನೆ ಎಂದರೆ ಸರಕಾರವೇ ಮನೆ ಕಟ್ಟಿಕೊಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆಯಲ್ಲಾಗಲಿ, 2016ರಲ್ಲಿ ಅದರ ಸ್ಥಾನಕ್ಕೆ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಾಗಲಿ ಗುತ್ತಿಗೆದಾರನಿಗೆ ಅವಕಾಶವಿಲ್ಲ. ಫಲಾನುಭವಿಯೇ ಮನೆ ಕಟ್ಟಬೇಕು. 2016ರ ಯೋಜನೆಯು ಬಯಲು ಪ್ರದೇಶಕ್ಕೆ ನಿಗದಿಪಡಿಸಿದ ಸಹಾಯಧನ 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಕೆಲಸ ಮುಂದುವರಿದಂತೆ ಹಣ ಕಂತುಕಂತಾಗಿ ಬ್ಯಾಂಕ್ ಖಾತೆಗೆ ಬರುತ್ತದೆ.

ಕಷ್ಟ ಇರುವುದು ಈ ಕಂತುಗಳ ನಡುವೆ. ಹಳೆಯ ಮನೆ ಕೆಡವಿದ ಕುಟುಂಬ ತಗಡಿನ ಶೆಡ್ಡಿನಲ್ಲಿ ಕಾಯುತ್ತದೆ. ಮುಂದಿನ ಕಂತು ತಡವಾದರೆ ಸಿಮೆಂಟು, ಕಬ್ಬಿಣಕ್ಕೆ ಬಡ್ಡಿ ಸಾಲವೇ ಗತಿ. ಮನೆ ಮುಗಿಸಲು ದುಡಿಮೆಗೆ ಹೋದವರು ಊರಲ್ಲಿರುವುದಿಲ್ಲ. ಊರಲ್ಲಿ ಉಳಿದರೆ ದುಡಿಮೆಯಿಲ್ಲ.

ನೆಲವೂ ಸುಲಭದ್ದಲ್ಲ. ನಮ್ಮಲ್ಲಿ ಮುರಕಲ್ಲಿನ ಗಟ್ಟಿ ನೆಲ. ಅಲ್ಲಿನ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ತಳಪಾಯ ಗಟ್ಟಿ ಪದರ ಮುಟ್ಟದಿದ್ದರೆ ಗೋಡೆ ಸೀಳುತ್ತದೆ. ಕಣ್ಣಿಗೆ ಕಾಣದ ಆ ಕೆಲಸಕ್ಕೇ ಹೆಚ್ಚು ಹಣ ಬೇಕು. ಭೀಮೆಯ ನೆರೆಯೂ ಇದೆ; 2020ರ ಅಕ್ಟೋಬರಿನಲ್ಲಿ ನದಿ ತೀರದ ಹಳ್ಳಿಗಳಿಗೆ ನೀರು ನುಗ್ಗಿತ್ತು.

ಎಲ್ಲಕ್ಕಿಂತ ಮೊದಲು ಜಾಗದ ಕಾಗದ ಬೇಕು. ತಾಂಡಾಗಳಲ್ಲಿ ತಲೆಮಾರುಗಳಿಂದ ವಾಸವಿದ್ದವರಿಗೂ ಅದಿರಲಿಲ್ಲ. 2023ರ ಜನವರಿ 19ರಂದು ಇದೇ ಜಿಲ್ಲೆಯ ಮಳಖೇಡದಲ್ಲಿ ಕಲಬುರಗಿ ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆಯಿತು.

ಆದ್ದರಿಂದ ಬಡವರ ಮನೆಗೆ ನೆರವಾಗುವ ನಮ್ಮ ಸಂಘಗಳು ಕೊನೆಯಲ್ಲಿ ಹಂಚು, ಬಾಗಿಲು ಕೊಡುವುದಕ್ಕಷ್ಟೇ ಸೀಮಿತವಾಗಬಾರದು. ಹಕ್ಕುಪತ್ರದ ಅರ್ಜಿ ತುಂಬಿಸಿಕೊಡೋಣ. ಕಂತು ಬರುವ ತನಕ ಬಡ್ಡಿಯಿಲ್ಲದ ಕೈಸಾಲ ಕೊಡೋಣ. ತಳಪಾಯ ತೋಡುವ ದಿನ ಅನುಭವಿ ಮೇಸ್ತ್ರಿಯೊಬ್ಬರನ್ನು ಕಳುಹಿಸೋಣ. ಮನೆ ಕಟ್ಟುವ ಶಕ್ತಿ ಅವರಲ್ಲೇ ಇದೆ. ಅರ್ಧದಲ್ಲಿ ನಿಲ್ಲದಂತೆ ನಾವು ಜೊತೆಗಿದ್ದರೆ ಸಾಕು.