ಆಟಿ ತಿಂಗಳ ಅಂಗನವಾಡಿ

ಆಟಿ ಕಾಲಿರಿಸಿದ ಮರುದಿನ ತಾಯಿಯೊಬ್ಬರು ಮಗಳ ಚೀಲದಿಂದ ನಾಲ್ಕು ಗೆರೆಯ ಪುಸ್ತಕವನ್ನು ತೆಗೆದು ಅಂಗನವಾಡಿಯ ಮೇಜಿನ ಮೇಲಿರಿಸಿದರು. ಪುಟಗಳೆಲ್ಲ ಖಾಲಿ. “ನೆರೆಮನೆಯ ಹುಡುಗ ಇಂಗ್ಲಿಷ್ ನರ್ಸರಿಗೆ ಹೋಗುವುದು ಟೀಚರ್. ಆಗಲೇ ಎಬಿಸಿಡಿ ಬರೆಯುತ್ತಾನೆ. ಇವಳಿಗೆ ನೀವು ಏನೂ ಬರೆಸುವುದಿಲ್ಲವಾ?”

ಮಂಜೇಶ್ವರ ತಾಲೂಕಿನ ಒಳಭಾಗದ ಆ ಅಂಗನವಾಡಿಯಲ್ಲಿರುವ ಮಕ್ಕಳು 13. ಒಬ್ಬಳು ಬಿಟ್ಟರೆ 12. ಹತ್ತಿರದ ಕನ್ನಡ ಶಾಲೆಯ ಒಂದನೇ ತರಗತಿ ಕಾಯುತ್ತಿರುವುದು ಈ ಮಕ್ಕಳನ್ನೇ. ಟೀಚರ್ ವಾದಕ್ಕಿಳಿಯಲಿಲ್ಲ. “ಆಟಿ ಮುಗಿಯಲಿ, ಮತ್ತೆ ನೋಡುವ” ಎಂದಷ್ಟೇ ಹೇಳಿದರು. ಆ ತಿಂಗಳು ಅಲ್ಲಿ ಏನೇನು ನಡೆಯಿತೆಂಬುದನ್ನು ನಾನು ಆಗಾಗ ಹೋಗಿ ಕುಳಿತು ನೋಡಿದ್ದೇನೆ.

ಮೊದಲ ದಿನಗಳು ಮಳೆಗೇ ಮೀಸಲು. ಹೊರಗೆ ಬಿಡುವಂತಿಲ್ಲದ್ದರಿಂದ ಮಕ್ಕಳು ಜಗಲಿಯಲ್ಲಿ ಕುಳಿತು ಕಣ್ಣುಮುಚ್ಚಿ ಮಳೆಯನ್ನು ಕೇಳಿದರು. ಹೆಂಚಿನ ಮೇಲಿನ ಸದ್ದು ಬೇರೆ, ಬಾಳೆಲೆಯ ಮೇಲಿನ ಸದ್ದು ಬೇರೆ. ಒಬ್ಬ “ಬರ್ಸ” ಎಂದ. ಇನ್ನೊಬ್ಬಳು “ಮಳ” ಎಂದಳು. ಕೊಂಕಣಿ ಮನೆಯ ಹುಡುಗ “ಪಾವ್ಸು” ಎಂದ. ಟೀಚರ್ ಯಾರನ್ನೂ ತಿದ್ದಲಿಲ್ಲ. “ಹೌದು, ಬರ್ಸ. ಮಳೆ ಬರ್ತಾ ಉಂಟು” ಎಂದು ಪ್ರತಿಯೊಬ್ಬರ ಮಾತಿನ ಬೆನ್ನಿಗೂ ಕನ್ನಡದ ಮಾತನ್ನು ಜೋಡಿಸಿದರು. ಕಪ್ಪೆ ತುಳುವಿನಲ್ಲಿಯೂ ಕಪ್ಪೆಯೇ ಎಂದು ತಿಳಿದಾಗ ಕೆಲವರಿಗೆ ಆದ ಸಂಭ್ರಮವನ್ನು ನೋಡಬೇಕಿತ್ತು. ಗಡಿನಾಡಿನ ಕನ್ನಡ ಶಾಲೆಗೆ ಬರುವ ಬಹಳಷ್ಟು ಮಕ್ಕಳ ಮನೆಮಾತು ಕನ್ನಡವಲ್ಲ. ಅವರ ಕಿವಿಗೆ ಕನ್ನಡ ಮೊದಲು ಬೀಳುವುದು ಇಂತಹ ಜಗಲಿಗಳಲ್ಲಿ. ಇಲ್ಲಿಗೆ ನಾಳೆ ಕನ್ನಡವರಿಯದವರು ನಿಯುಕ್ತರಾದರೆ ಏನಾದೀತೆಂಬ ಅಂಜಿಕೆ, ಶಾಲೆಗಳಲ್ಲಿ ಅಂತಹ ನೇಮಕಾತಿಗಳ ವಿರುದ್ಧ ಕಾಸರಗೋಡಿನಲ್ಲಿ ನಡೆದ ಹೋರಾಟಗಳನ್ನು ಕಂಡವರಿಗೆ ಹೊಸದಲ್ಲ.

ಆಮೇಲೆ ಎಲೆಗಳು ಬಂದವು. ಹಲಸು, ಮಾವು, ಕೆಸು. ಕೆಸುವಿನ ಎಲೆಯ ಮೇಲೆ ನೀರ ಹನಿ ಮುತ್ತಿನಂತೆ ಉರುಳುವುದನ್ನು ನೋಡುವುದರಲ್ಲಿಯೇ ಒಂದು ಬೆಳಗು ಕಳೆಯಿತು. ಹಸಿ ಕೆಸು ತುರಿಸುವುದರಿಂದ ಎಲೆಯನ್ನು ಹಿಡಿದದ್ದು ಟೀಚರ್; ಮಕ್ಕಳದು ನೀರು ತೊಟ್ಟಿಕ್ಕಿಸುವ ಕೆಲಸ. ಮರುದಿನ ಸಹಾಯಕಿ ಮನೆಯಿಂದ ಪತ್ರೊಡೆ ಮಾಡಿ ತಂದಿದ್ದರು.

ಮೂರನೆಯ ವಾರ ಚೆನ್ನೆಮಣೆ ಹೊರಬಂತು. ಆಟಿಯಲ್ಲಿ ಅಟ್ಟದಿಂದ ಇಳಿಸುವ ಆ ಮಣೆಯನ್ನು ಬಲ್ಲವರಿಗೆ ಲೆಕ್ಕ ಗೊತ್ತು: ಎರಡು ಸಾಲಿನಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಟೀಚರ್ ಆರಿಸಿಕೊಂಡದ್ದು ಹುಣಸೆ ಬೀಜ. ಗುಲಗಂಜಿ ಚೆಂದ, ಆದರೆ ವಿಷ. ಮಕ್ಕಳ ಕೈಗೆ ಸಲ್ಲದು. ಹುಣಸೆ ಬೀಜವನ್ನೂ ಮೂಗಿಗೆ ಹಾಕಿಕೊಳ್ಳುವ ಶೂರರು ಇದ್ದಾರೆಂದು, ಆಟಕ್ಕೆ ಮೊದಲು ಮತ್ತು ಆಟದ ಬಳಿಕ 56ನ್ನೂ ಎಣಿಸಿಡುವ ಕಟ್ಟಳೆ. ಪೂರ್ತಿ ಆಟದ ನಿಯಮ ನಾಲ್ಕು ವರ್ಷದವರಿಗೆ ಎಟುಕದು. ಅವರು ಮಾಡಿದ್ದು ಗುಳಿಗೆ ನಾಲ್ಕು ಹಾಕುವುದು, ತೆಗೆದು ಒಂದೊಂದಾಗಿ ಹಂಚುತ್ತ ಹೋಗುವುದು, ಇಷ್ಟೇ. ಆದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಬೀಜ ಹೆಕ್ಕುವ ಆ ಚಿಮುಟವೇ ನಾಳೆ ಪೆನ್ಸಿಲನ್ನು ಹಿಡಿಯಬೇಕಾದ ಚಿಮುಟ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ನಾಲ್ಕು ಗೆರೆಯೊಳಗೆ ಕೈಯನ್ನು ಬಿಗಿಹಿಡಿಸುವುದಕ್ಕೆ ಅದು ಹೊತ್ತಲ್ಲ. ಮೂರರಿಂದ ಎಂಟು ವರ್ಷದ ತನಕ ಆಟವೇ ಕಲಿಕೆಯ ದಾರಿಯೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಅದಕ್ಕೂ ಬಹು ಮೊದಲು, 1945ರಲ್ಲಿ, ಬೋರ್ಡಿಯ ಹಳ್ಳಿಮಕ್ಕಳಿಗಾಗಿ ಬಾಲವಾಡಿ ತೆರೆದ ತಾರಾಬಾಯಿ ಮೋಡಕರು ಸುತ್ತಮುತ್ತ ಸಿಗುವ ವಸ್ತುಗಳನ್ನೇ ಕಲಿಕೆಯ ಸಾಮಗ್ರಿಯಾಗಿಸಿಕೊಂಡಿದ್ದರು.

ಖಾಲಿ ಪುಸ್ತಕದ ಆ ಹುಡುಗಿ ತುಳು ಮನೆಯವಳು. ಜೂನ್‌ನಿಂದಲೂ ಅಂಗನವಾಡಿಯಲ್ಲಿ ಅವಳ ಬಾಯಿಂದ ಹೊರಟದ್ದು ತಲೆಯಾಡಿಕೆ ಮಾತ್ರ. ಒಂದು ಮಧ್ಯಾಹ್ನ ಮಣೆಯ ಮುಂದೆ ಬಹಳ ಹೊತ್ತು ಬಗ್ಗಿ ನೋಡಿದವಳು ತಲೆಯೆತ್ತಿ, “ಟೀಚರ್, ಇದ್ರಲ್ಲಿ ಒಂದು ಕಮ್ಮಿ ಉಂಟು” ಎಂದಳು. ಎಣಿಸಿದರೆ ನಿಜ, 55! ಎಲ್ಲರ ಮೂಗು, ಕಿವಿ, ಜೇಬುಗಳ ತಪಾಸಣೆ ನಡೆದು, ಕೊನೆಗೆ ಬೀಜ ಚಾಪೆಯ ಮಡಿಕೆಯಲ್ಲಿ ಸಿಕ್ಕಿತು. ಅವಳು ಕನ್ನಡ ಮಾತನಾಡಿದ್ದು ಟೀಚರಿಗೆ ಹೊಳೆದದ್ದು ಅದರ ನಂತರವಂತೆ.

ಕೊನೆಯ ವಾರ ಆಟಿಕಳೆಂಜನದು. ತೆಂಗಿನ ತಿರಿ ಸುತ್ತಿಕೊಂಡು, ಹಾಳೆಯ ಟೊಪ್ಪಿ ಧರಿಸಿ, ರೋಗ ಕಳೆಯಲು ಮನೆಮನೆಗೆ ಬರುವ ಕಳೆಂಜನನ್ನು ಕೆಲವು ಮಕ್ಕಳು ಕಂಡಿದ್ದರು, ಕೆಲವರು ಅಜ್ಜಿಯರಿಂದ ಕೇಳಿದ್ದರಷ್ಟೆ. ಕುಣಿಯಲು ಎಲ್ಲರೂ ಸಿದ್ಧ, ಮನೆಯವರಾಗಿ ಅಕ್ಕಿ ಕೊಡಲು ಯಾರೂ ಇಲ್ಲ! ಸರದಿ ಹಚ್ಚಬೇಕಾಯಿತು.

ಆಟಿ ಮುಗಿದ ಶುಕ್ರವಾರ ತಾಯಿ ಮತ್ತೆ ಬಂದರು. ಮಗಳ ಮಾತಿನ ಸಂಗತಿ ಕೇಳಿ ನಕ್ಕರು. ಆದರೂ, “ಬರುವ ವರ್ಷದ್ದು ಇವರಪ್ಪನ ಹತ್ತಿರ ಕೇಳಬೇಕಷ್ಟೆ” ಎಂದರು. ಟೀಚರ್ ಚೆನ್ನೆಮಣೆಯನ್ನು ಬಟ್ಟೆಯಲ್ಲಿ ಸುತ್ತಿ ಅವರ ಕೈಗಿತ್ತರು. “ಅಪ್ಪನೊಟ್ಟಿಗೆ ಆಡಲಿ. ಸೋಮವಾರ ತನ್ನಿ. 56 ಇರಬೇಕು.”